ನಿಮ್ಮ ಕ್ರಾಮ್‌ವೆಲ್ ಲೇಖನದ ಬಗ್ಗೆ

ಪ್ರಿಯ ಲೇಖಕರೇ,

ರಾಜನ ವಿರುದ್ಧ ಸಂಸತ್ತಿನ ಪರ ಹೋರಾಡಿ, ಆಮೇಲೆ ತಾನೇ ಇಂಗ್ಲೆಂಡನ್ನು ಆಳಿದ 17ನೇ ಶತಮಾನದ ದಂಡನಾಯಕನ ಬಗ್ಗೆ ನೀವು ಬರೆದ 'ಆಲಿವರ್ ಕ್ರಾಮ್‌ವೆಲ್: ವೀರನೋ, ಖಳನೋ?' ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನಿಮಗೆ ಕತೆ ಹೇಳಲು ಬರುತ್ತದೆ. ರಾಜ ಒಂದನೇ ಚಾರ್ಲ್ಸ್‌ನ ತಲೆ ಕಡಿದು ಸರಿಯಾಗಿ 12 ವರ್ಷವಾದ ದಿನ, 1661ರ ಜನವರಿ 30ರಂದು, ಕ್ರಾಮ್‌ವೆಲ್‌ನ ಹೆಣವನ್ನು ಲಂಡನ್ನಿನ ಗಲ್ಲುಗಂಬದ ಜಾಗವಾದ ಟೈಬರ್ನ್‌ನಲ್ಲಿ ನೇಣಿಗೆ ಹಾಕಿದ ಭಾಗವನ್ನು ಒಂದೇ ಉಸಿರಿಗೆ ಓದಿ ಮುಗಿಸಿದೆ.

ತೊಂದರೆ ಇರುವುದು ನಡುವಿನ ಭಾಗದಲ್ಲಿ. ಒಳ್ಳೆಯದೆಲ್ಲ ಒಂದು ಕಡೆ, ಕೆಟ್ಟದ್ದೆಲ್ಲ ಇನ್ನೊಂದು ಕಡೆ ಪಟ್ಟಿ ಮಾಡಿ, 'ಓದುಗರೇ ತೀರ್ಮಾನಿಸಲಿ' ಅಂತ ಬಿಟ್ಟಿದ್ದೀರಿ. ಹೀಗಾಗಿ ಮನುಷ್ಯನೇ ಕಾಣುವುದಿಲ್ಲ. ಅವನು ಪ್ಯೂರಿಟನ್, ಅಂದರೆ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಕ್ರೈಸ್ತ, ಎಂದು ಒಂದು ಕಡೆ ಹೇಳಿ ಮುಂದೆ ಹೋಗಿದ್ದೀರಿ. ಎಲ್ಲದರ ಬೇರು ಅಲ್ಲೇ ಇದೆ ಅಲ್ವಾ?

43 ವಯಸ್ಸಿನವರೆಗೆ ಯುದ್ಧವನ್ನೇ ಮಾಡಿರದ ಹಂಟಿಂಗ್‌ಡನ್ ಊರಿನ ಈ ಮನುಷ್ಯ 1645ರಲ್ಲಿ ರಾಜನ ಪಡೆಯ ವಿರುದ್ಧ ನೇಸ್‌ಬಿ ಕದನ ಗೆದ್ದಾಗ, ಇದು ದೇವರ ಕೈಯಲ್ಲದೆ ಬೇರೇನಲ್ಲ ಎಂದು ಬರೆದ. 1657ರಲ್ಲಿ ಸಂಸತ್ತು ಕಿರೀಟ ಕೊಡಲು ಬಂದಾಗ, ದೇವರು ಕೆಡವಿ ಮಣ್ಣುಪಾಲು ಮಾಡಿದ್ದನ್ನು ಮತ್ತೆ ಎತ್ತಿ ನಿಲ್ಲಿಸಲಾರೆ ಎಂದ. ಈ ಎರಡರ ನಡುವೆ, ಅವನ ಸೈನ್ಯ ಹತ್ಯಾಕಾಂಡ ನಡೆಸಿದ ಐರ್ಲೆಂಡಿನ ಊರು ಡ್ರೊಹೆಡಾ ಬರುತ್ತದೆ. ಅದಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು: '1641ರ ಹತ್ಯೆಗಳಿಗೆ ಸೇಡು ತೀರಿಸಿಕೊಂಡ.'

ಆ ಸಾಲು ನನಗೆ ನಿಜಕ್ಕೂ ನೋವು ಕೊಟ್ಟಿತು. 1641ರಲ್ಲಿ ಪ್ರೊಟೆಸ್ಟೆಂಟ್ ವಲಸಿಗರನ್ನು ಕೊಂದ ಐರಿಷ್ ಕ್ಯಾಥೊಲಿಕ್ ದಂಗೆಕೋರರು ಡ್ರೊಹೆಡಾಕ್ಕೆ ಮುತ್ತಿಗೆ ಹಾಕಿದ್ದರು, ಆದರೆ ಊರು ಅವರ ಕೈಗೆ ಸಿಗಲೇ ಇಲ್ಲ. 1649ರ ಸೆಪ್ಟೆಂಬರಿನಲ್ಲಿ ಊರನ್ನು ಕಾಯುತ್ತಿದ್ದ ದಂಡಿನಲ್ಲಿ ರಾಜನ ಪಕ್ಷದ ಇಂಗ್ಲಿಷರೂ ಇದ್ದರು. ದಂಡಿನ ನಾಯಕ ಆರ್ಥರ್ ಆಸ್ಟನ್ ಇಂಗ್ಲಿಷನೇ. ಹಾಗಾದರೆ ಸೇಡು ಯಾರ ಮೇಲೆ? ಜನ ಅಡಗಿದ್ದ ಚರ್ಚಿನ ಗೋಪುರಕ್ಕೆ ಬೆಂಕಿ ಇಡಿಸಿದ್ದನ್ನು ಕ್ರಾಮ್‌ವೆಲ್ ತಾನೇ ವರದಿ ಮಾಡಿದ್ದಾನೆ. ಅದೇ ಪತ್ರದಲ್ಲಿ ಇದನ್ನು ದೇವರ ನ್ಯಾಯವಾದ ತೀರ್ಪು ಎಂದೂ ಕರೆದಿದ್ದಾನೆ. ನೇಸ್‌ಬಿಯಲ್ಲಿ ಅವನಿಗೆ ಧೈರ್ಯ ಕೊಟ್ಟ ನಂಬಿಕೆ, ಕಿರೀಟ ಬೇಡ ಎನ್ನಿಸಿದ ನಂಬಿಕೆ, ಇಲ್ಲಿ ಅವನಿಗೆ ಅಳುಕೇ ಇಲ್ಲದ ಹಾಗೆ ಮಾಡಿತು. ಲೇಖನ ನಿಲ್ಲಬೇಕಾದ್ದು ಇದರ ಮೇಲೆ.

ಕೆಲವು ಸಣ್ಣ ತಪ್ಪುಗಳೂ ಇವೆ. ನಾಟಕಶಾಲೆ ಮುಚ್ಚಿಸಿದ್ದು 1642ರ ಸಂಸತ್ತು, ಕ್ರಿಸ್ಮಸ್ ನಿಲ್ಲಿಸಿದ್ದೂ 1640ರ ದಶಕದ ಸಂಸತ್ತೇ. ಆಗ ಅವನು ಆಳುತ್ತಿರಲಿಲ್ಲ. 'ಪ್ರಜಾಪ್ರಭುತ್ವದ ಹರಿಕಾರ' ಎಂಬುದನ್ನು ದಯವಿಟ್ಟು ತೆಗೆಯಿರಿ. 1653ರ ಏಪ್ರಿಲ್ 20ರಂದು ಸಿಪಾಯಿಗಳನ್ನು ಕರೆಸಿ ಸಂಸತ್ತನ್ನೇ ಖಾಲಿ ಮಾಡಿಸಿದವನು ಅವನು. ನಮಗೆ ಹತ್ತಿರದ ಒಂದು ಸಂಗತಿ ಬಿಟ್ಟುಹೋಗಿದೆ: 1657ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಹೊಸ ಸನ್ನದು ಕೊಟ್ಟದ್ದೂ ಇವನ ಸರ್ಕಾರವೇ. ಅದನ್ನು ಸೇರಿಸಿ.

1899ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅರಮನೆಯ ಹೊರಗೆ ನಿಲ್ಲಿಸಿದ ಪ್ರತಿಮೆಯನ್ನು ಸುಮ್ನೆ ಹೆಸರಿಸಿ ಬಿಟ್ಟಿದ್ದೀರಿ. ಐರಿಷ್ ಸಂಸದರು ಅದನ್ನು ಜೋರಾಗಿಯೇ ವಿರೋಧಿಸಿದ್ದರು. ಸತ್ತು 240 ವರ್ಷವಾದ ಮೇಲೂ ಯಾಕೆ ಅಷ್ಟು ಸಿಟ್ಟು ಎಂಬುದು ಡ್ರೊಹೆಡಾವನ್ನು ಸರಿಯಾಗಿ ಬರೆದರೆ ಓದುಗರಿಗೆ ತಾನೇ ತಿಳಿಯುತ್ತದೆ. ಮೊದಲ ಎರಡು ಪುಟದ ವಂಶಾವಳಿ ಜಾಸ್ತಿಯಾಯಿತು, ಕತ್ತರಿಸಿ. ಆ ಜಾಗವನ್ನು ಐರ್ಲೆಂಡಿಗೆ ಕೊಟ್ಟು ಮತ್ತೆ ಕಳಿಸಿ.

ವಿಶ್ವಾಸದಿಂದ,
ಸಂಪಾದಕ