ಕೆಮ್ಮೇ ಇಲ್ಲದೆ ಮೂಳೆಗೆ ಟಿಬಿ ಬರುತ್ತದಾ? ಬಯಾಪ್ಸಿ ಬೇಕೇಬೇಕಾ?

ಬರುತ್ತದೆ. ನನಗೇ ಬಂದಿತ್ತು. ಒಂದು ದಿನವೂ ಕೆಮ್ಮಿರಲಿಲ್ಲ, ಎದೆಯ ಎಕ್ಸ್‌ರೇ ಕೂಡ ಸರಿಯಾಗೇ ಇತ್ತು.

ನಿಮ್ಮ ತಮ್ಮನಿಗೆ ಐದು ತಿಂಗಳಿಂದ ಪಾದದ ಕೀಲು ಊದಿದೆ, ಡಾಕ್ಟರ್ ಬಯಾಪ್ಸಿ (ಆ ಜಾಗದ ಚೂರು ತೆಗೆದು ಪರೀಕ್ಷಿಸುವುದು) ಬರೆದಿದ್ದಾರೆ, ಮನೆಯವರು ಮಾತ್ರ 'ಸುಮ್ನೆ ಯಾಕೆ ಚುಚ್ಚಿಸೋದು, ಮಾತ್ರೆ ಶುರು ಮಾಡಿದರಾಯ್ತು' ಅನ್ನುತ್ತಿದ್ದಾರೆ ಅಂದಿರಿ. ದಯವಿಟ್ಟು ಬಯಾಪ್ಸಿ ಮಾಡಿಸಿ.

ಮೂಳೆ ಟಿಬಿ ಬಂದವರಲ್ಲಿ ಸುಮಾರು ಅರ್ಧ ಜನಕ್ಕೆ ಅದು ಬೆನ್ನುಮೂಳೆಗೇ ಬರುವುದು. ನನಗೆ ಬಂದದ್ದು ಸ್ಯಾಕ್ರೋಇಲಿಯಾಕ್ ಕೀಲಿಗೆ, ಅಂದರೆ ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಜಾಗಕ್ಕೆ. ರಾತ್ರಿ ಮಗ್ಗುಲು ಬದಲಿಸಿದರೆ ಜೀವ ಹೋದ ಹಾಗಾಗುತ್ತಿತ್ತು. ಏಳು ತಿಂಗಳು ಅದನ್ನು ಡಿಸ್ಕ್ ಅಂದರು, ನರ ಎಳೆದಿದೆ ಅಂದರು, ಊರಲ್ಲಿ ಎಣ್ಣೆ ಹಚ್ಚಿ ನೀವಿಸಿದರು, ಅಷ್ಟರಲ್ಲಿ ನಾನು 6 ಕೆಜಿ ಇಳಿದಿದ್ದೆ. ಕೊನೆಗೆ ಎಂಆರ್‌ಐನಲ್ಲಿ ಮೂಳೆ ಸವೆದು ಕೀವು ತುಂಬಿರುವುದು ಕಂಡಿತು.

ಸೂಜಿ ಹಾಕಿ ಮಾದರಿ ತೆಗೆದರು. ಆದರೆ ಅಷ್ಟನ್ನೂ ಫಾರ್ಮಲಿನ್‌ಗೆ, ಅಂದರೆ ಮಾದರಿ ಕೆಡದಂತೆ ಇಡುವ ದ್ರಾವಣಕ್ಕೆ, ಹಾಕಿಬಿಟ್ಟರು! ಅದರಲ್ಲಿ ರೋಗಾಣು ಸಾಯುತ್ತದೆ, ಹಾಗಾಗಿ ಕಲ್ಚರ್ (ಲ್ಯಾಬ್‌ನಲ್ಲಿ ರೋಗಾಣು ಬೆಳೆಸಿ ನೋಡುವುದು) ಮಾಡಲು ಆಗುವುದಿಲ್ಲ. ವರದಿಯಲ್ಲಿ 'ಟಿಬಿ ಇರಬಹುದು' ಅಂತಷ್ಟೇ ಬಂತು, ನಾನು ಎರಡನೇ ಸಲ ಚುಚ್ಚಿಸಿಕೊಳ್ಳಬೇಕಾಯಿತು. ಆಗ ಒಂದು ಪಾಲನ್ನು ಸಲೈನ್‌ನಲ್ಲಿ ಸಿಬಿನ್ಯಾಟ್‌ಗೆ (ಟಿಬಿ ರೋಗಾಣುವಿನ ಜೀನ್ ಹುಡುಕುವ ಬೇಗದ ಪರೀಕ್ಷೆ), ಕಲ್ಚರ್‌ಗೆ ಕಳಿಸಿದರು. ಸಿಬಿನ್ಯಾಟ್ ಮರುದಿನವೇ ಟಿಬಿ ಅಂತ ಹೇಳಿತು, ಟಿಬಿಯ ಮುಖ್ಯ ಔಷಧ ರಿಫಾಂಪಿಸಿನ್ ಕೆಲಸ ಮಾಡುತ್ತದೆ ಅಂತಲೂ ಹೇಳಿತು. ಕಲ್ಚರ್‌ಗೆ ಆರು ವಾರ ಹಿಡಿಯಿತು. ಮೂಳೆಯಲ್ಲಿ ರೋಗಾಣು ಕಡಿಮೆ ಇರುವುದರಿಂದ ಒಂದೇ ಪರೀಕ್ಷೆ ನೆಚ್ಚಿಕೊಂಡರೆ ತಪ್ಪಿಹೋಗಬಹುದು.

ಮಾತ್ರೆ ನೇರ ಶುರು ಮಾಡಿದರೇನು ಅಂತ ನಾನೂ ಕೇಳಿದ್ದೆ. ಅದು ಟಿಬಿಯೇ ಅಲ್ಲದಿದ್ದರೆ? ದನ ಕುರಿಗಳಿಂದ, ಹಸಿ ಹಾಲಿನಿಂದ ಬರುವ ಬ್ರುಸೆಲ್ಲಾ ಸೋಂಕು ಕೂಡ ಕೀಲನ್ನು ಹೀಗೇ ಹಿಡಿಯುತ್ತದೆ, ಗಡ್ಡೆಯೂ ಇರಬಹುದು. ಟಿಬಿಯೇ ಆಗಿದ್ದು, ಔಷಧಕ್ಕೆ ಬಗ್ಗದ ತಳಿಯಾಗಿದ್ದರೆ ತಿಂಗಳುಗಟ್ಟಲೆ ಮಾತ್ರೆ ನುಂಗಿಯೂ ಮೂಳೆ ಸವೆಯುತ್ತಲೇ ಇರುತ್ತದೆ, ಅಲ್ವಾ?

ಟಿಬಿ ಅಂತಾದರೆ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಶ್ವಾಸಕೋಶದ ಸಾಮಾನ್ಯ ಟಿಬಿಗೆ 6 ತಿಂಗಳು, ಮೂಳೆಗೆ ಸಾಮಾನ್ಯವಾಗಿ 12, ಕೆಲವರಿಗೆ ಇನ್ನೂ ಜಾಸ್ತಿ. ಸರ್ಕಾರದ ಟಿಬಿ ನೋಂದಣಿ ವ್ಯವಸ್ಥೆ ನಿಕ್ಷಯ್‌ನಲ್ಲಿ ಹೆಸರು ಬರೆಸಿದರೆ ಊಟದ ಖರ್ಚಿಗೆ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ. ಮೂತ್ರ ಕಿತ್ತಳೆ ಬಣ್ಣವಾದರೆ ಹೆದರಬೇಡಿ, ಅದು ರಿಫಾಂಪಿಸಿನ್‌ನಿಂದ. ಕಣ್ಣು ಮಂಜಾದರೆ ಅಥವಾ ಹಳದಿಯಾದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ನನಗೆ ಮೂರನೇ ತಿಂಗಳಿಗೇ ನೋವು ಹೋಯಿತು, ಆದರೂ ಒಂದು ದಿನ ಬಿಡದೆ ವರ್ಷ ಪೂರ್ತಿ ನುಂಗಿದೆ.

ತಮ್ಮನ ತಟ್ಟೆ ಲೋಟ ಬೇರೆ ಇಡಬೇಡಿ. ನನಗೆ ಇಟ್ಟಿದ್ದರು, ಕಾಯಿಲೆಗಿಂತ ಅದೇ ಜಾಸ್ತಿ ನೋಯಿಸಿತು. ಬಯಾಪ್ಸಿ ದಿನ ಒಳಗೆ ಕರೆದೊಯ್ಯುವ ಮುಂಚೆಯೇ ಡಾಕ್ಟರ್‌ಗೆ ಕೇಳಿ: 'ಒಂದು ಪಾಲು ಸಲೈನ್‌ನಲ್ಲಿ ಸಿಬಿನ್ಯಾಟ್‌ಗೆ, ಕಲ್ಚರ್‌ಗೆ ಕಳಿಸುತ್ತೀರಲ್ವಾ?'