ದೋಣಿಯ ಫ್ಯಾನಿಗೆ (ಪ್ರೊಪೆಲ್ಲರ್) ಬಲೆ ಸುತ್ತಿದರೆ ಬಿಡಿಸುವುದು ಹೇಗೆ?

ಪ್ರಶ್ನೆ: ಆಲಮಟ್ಟಿ ಹಿನ್ನೀರಿನಾಗ 8 ಎಚ್.ಪಿ. ಔಟ್‌ಬೋರ್ಡ್ ಎಂಜಿನ್ನಿನ ದೋಣಿ ಓಡಸ್ತೀವ್ರಿ. ಯಾರದೋ ಬಲಿ ಫ್ಯಾನಿಗೆ ಸುತ್ತಿ ಎಂಜಿನ್ ಬಂದ್ ಬೀಳತೈತಿ. ರಿವರ್ಸ್ ಹಾಕಿದ್ರ ತಾನ ಬಿಚ್ಚತೈತಿ ಅಂತಾರ, ಖರೇ ಏನ್ರಿ?
– ಮೀನುಗಾರರೊಬ್ಬರು, ಬೀಳಗಿ ತಾಲ್ಲೂಕು

ಉತ್ತರ: ಬಲೆಗೆ ಆ ಉಪಾಯ ನಡೆಯುವುದಿಲ್ಲ. ದಪ್ಪ ಹಗ್ಗ ಒಂದೆರಡು ಸುತ್ತು ಸಡಿಲಾಗಿ ಬಿದ್ದಿದ್ದರೆ, ಎಂಜಿನ್ ನಿಧಾನವಾಗಿಟ್ಟು ಒಂದು ಕ್ಷಣ ರಿವರ್ಸ್ ಹಾಕಿದಾಗ ಕಳಚಿಕೊಳ್ಳುವುದುಂಟು. ಬಲೆಯ ಕಣ್ಣುಗಳು ಹಾಗಲ್ಲ, ಎಲ್ಲ ರೆಕ್ಕೆಗಳಿಗೂ ಸಿಕ್ಕಿಕೊಂಡಿರುತ್ತವೆ. ಹಿಂದಕ್ಕೆ ತಿರುಗಿಸಿದರೆ ಹೊರಗೆ ತೇಲುತ್ತಿರುವ ಬಲೆಯೂ ಬಂದು ಸುತ್ತಿಕೊಳ್ಳುತ್ತದೆ.

ಎಂಜಿನ್ ತಾನಾಗಿ ನಿಂತಿದ್ದರೂ, ಎಂಜಿನ್ ಬಂದ್ ಮಾಡುವ ಕಿಲ್ ಸ್ವಿಚ್ಚಿನ ಕ್ಲಿಪ್ ಕಿತ್ತು ಕಿಸೆಗೆ ಹಾಕಿಕೊಳ್ಳಿ. ನಿಮ್ಮ ಕೈ ಫ್ಯಾನಿನ ಮೇಲಿರುವಾಗ ಇನ್ನೊಬ್ಬರು ಸ್ಟಾರ್ಟರ್ ಹಗ್ಗ ಎಳೆದರೆ ಬೆರಳು ಉಳಿಯುವುದಿಲ್ಲ. ಗೇರ್ ನ್ಯೂಟ್ರಲ್‌ಗೆ ತನ್ನಿ, ಗಾಳಿ ಇದ್ದರೆ ಲಂಗರು ಬಿಡಿ, ಆಮೇಲೆ ಎಂಜಿನ್ ಎತ್ತಿ ಲಾಕ್ ಮಾಡಿ. ಹಿಂಬದಿಗೆ ಒಬ್ಬರೇ ಹೋಗಬೇಕು. ಇಬ್ಬರೂ ಅಲ್ಲೇ ಬಗ್ಗಿದರೆ ಸಣ್ಣ ದೋಣಿಗೆ ಹಿಂದಿನ ಹಲಗೆಯ ಮೇಲಿಂದ ನೀರು ನುಗ್ಗುತ್ತದೆ. ನೀರಿಗಿಳಿದು ಬಿಡಿಸುವ ಸಾಹಸ ಬೇಡ. ಫ್ಯಾನನ್ನು ಹಿಡಿದ ಬಲೆ ಕಾಲನ್ನೂ ಹಿಡಿಯುತ್ತದೆ.

ಸಾಮಾನ್ಯ ಫ್ಯಾನ್ ದೋಣಿಯನ್ನು ಮುಂದಕ್ಕೆ ತಳ್ಳುವಾಗ, ಹಿಂದಿನಿಂದ ನೋಡಿದರೆ, ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಆದ್ದರಿಂದ ಬಲೆಯ ತುದಿ ಬಿಗಿಹಿಡಿದು ಫ್ಯಾನನ್ನು ಕೈಯಿಂದ ಉಲ್ಟಾ ತಿರುಗಿಸಿ. ಅರ್ಧ ಬಲೆ ಹೀಗೇ ಬಿಚ್ಚಿಕೊಂಡೀತು. ಉಳಿದದ್ದನ್ನು ಹಲ್ಲಿರುವ ಚಾಕುವಿನಿಂದ, ಫ್ಯಾನ್ ಕೂತಿರುವ ಶಾಫ್ಟಿನ ಉದ್ದಕ್ಕೆ, ಸುತ್ತುಗಳಿಗೆ ಅಡ್ಡವಾಗಿ ಕೊಯ್ಯಿರಿ. ಫ್ಯಾನಿಗೂ ಗೇರ್ ಪೆಟ್ಟಿಗೆಗೂ ನಡುವಿನ ಸಂದಿಯಲ್ಲಿ ಚಾಕುವಿನ ಮೊನೆ ತೂರಿಸಬೇಡಿ, ಗೇರ್ ಪೆಟ್ಟಿಗೆಯೊಳಗೆ ನೀರು ಹೋಗದಂತೆ ತಡೆಯುವ ಆಯಿಲ್ ಸೀಲ್ ಇರುವುದು ಅಲ್ಲೇ. ಕೊಯ್ದ ತುಂಡುಗಳನ್ನು ದೋಣಿಯೊಳಗೇ ಹಾಕಿಕೊಳ್ಳಿ. ನೀರಿಗೆ ಬಿಸಾಡಿದರೆ ನಾಳೆ ಮತ್ತೊಬ್ಬರ ಫ್ಯಾನಿಗೆ, ಬಹುಶಃ ನಿಮ್ಮದಕ್ಕೇ.

ಕೆಲಸ ಇಲ್ಲಿಗೇ ಮುಗಿಯಿತೆಂದು ಬಿಡುವವರೇ ಹೆಚ್ಚು. ದಡಕ್ಕೆ ಬಂದ ಮೇಲೆ ಫ್ಯಾನ್ ಕಳಚಿ ನೋಡಲೇಬೇಕು. ನಟ್ ಕಳಚದಂತೆ ಹಿಡಿದಿರುವ ಸ್ಪ್ಲಿಟ್ ಪಿನ್ ನೇರ ಮಾಡಿ ಎಳೆಯಿರಿ. ರೆಕ್ಕೆಗೂ ಮೇಲಿನ ಅಡ್ಡ ತಗಡಿಗೂ ನಡುವೆ ಕಟ್ಟಿಗೆ ತುಂಡು ಕೊಟ್ಟು ನಟ್ ಬಿಚ್ಚಿರಿ. ವಾಷರ್‌ಗಳನ್ನು ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿಡಿ. ಒಳಗಿನ ಥ್ರಸ್ಟ್ ವಾಷರ್ ತಿರುವುಮುರುವಾಗಿ ಕೂತರೆ ಫ್ಯಾನ್ ಗೇರ್ ಪೆಟ್ಟಿಗೆಗೆ ಉಜ್ಜಬಹುದು. ಕೂದಲಿನಂಥ ನೈಲಾನ್ ದಾರ ಅಡಗುವುದು ಆ ವಾಷರಿನ ಹಿಂದೆಯೇ, ಸೀಲ್ ಕೆಡಿಸುವುದೂ ಅದೇ. ಒಂದೆಳೆಯನ್ನೂ ಬಿಡದೆ ತೆಗೆದು, ಶಾಫ್ಟಿನ ಹಲ್ಲುಗಳಿಗೆ ನೀರಿಗೆ ತೊಳೆದುಹೋಗದ ಗ್ರೀಸ್ ಹಚ್ಚಿ, ಹೊಸ ಸ್ಪ್ಲಿಟ್ ಪಿನ್ ಹಾಕಿ. ಹಳೆಯದನ್ನೇ ಮತ್ತೆ ಮಡಚಿದರೆ ಮುರಿದು, ನಟ್ಟಿನ ಜತೆ ಫ್ಯಾನೂ ನದಿಪಾಲು.

ಪ್ರಶ್ನೆ: ಬಲೆ ಬಿಡಿಸಿದ ಮೇಲೆ ಎಂಜಿನ್ ಜೋರಾಗಿ ಕೂಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಕಾರಣವೇನು?
– ಓದುಗರು, ಬಾಗಲಕೋಟೆ

ಉತ್ತರ: 2–3 ಎಚ್.ಪಿ.ಯ ಸಣ್ಣ ಎಂಜಿನ್ನಾದರೆ ಮೊದಲು ಫ್ಯಾನನ್ನು ಶಾಫ್ಟಿಗೆ ಜೋಡಿಸುವ ಶಿಯರ್ ಪಿನ್ ನೋಡಿ. ಗೇರ್ ಉಳಿಯಲೆಂದು ತಾನು ಮುರಿಯುವುದೇ ಅದರ ಕೆಲಸ. ಅದರ ಜಾಗಕ್ಕೆ ಮೊಳೆ ಬಡಿಯಬೇಡಿ, ಮುಂದಿನ ಸಲ ಮುರಿಯುವುದು ಗೇರ್ ಆಗಬಹುದು. ದೊಡ್ಡ ಎಂಜಿನ್ನುಗಳ ಫ್ಯಾನಿನೊಳಗೆ ಪಿನ್ನಿನ ಬದಲು ರಬ್ಬರ್ ಬುಷ್ ಇರುತ್ತದೆ. ಬುಷ್ಷಿನ ಒಳತೋಳಿನಿಂದ ಫ್ಯಾನಿನ ಹೊರಭಾಗದವರೆಗೆ ಒಂದೇ ನೇರ ಗೆರೆ ಎಳೆದು ಓಡಿಸಿ ನೋಡಿ. ಗೆರೆಯ ಎರಡು ಭಾಗ ಒಂದಕ್ಕೊಂದು ಸರಿದು ನಿಂತರೆ ಬುಷ್ ಜಾರುತ್ತಿದೆ ಎಂದರ್ಥ. ನಿಧಾನವಾಗಿ ದಡ ಸೇರಬಹುದು, ದಿನದ ದುಡಿಮೆಗೆ ಆಗದು.

ಪ್ರಶ್ನೆ: ಗೇರ್ ಆಯಿಲ್ ಬೆಳ್ಳಗಾಗಿದೆ. ಬದಲಿಸಿದರೆ ಸಾಕೇ?
– ಓದುಗರು, ಕೊಲ್ಹಾರ

ಉತ್ತರ: ಮೊಸರಿಗೆ ಹೆಸರಾದ ಊರಿನವರಿಗೆ ಮಜ್ಜಿಗೆಯ ಬಣ್ಣ ನಾವು ಹೇಳಿಕೊಡಬೇಕಿಲ್ಲ! ಆಯಿಲ್ ಹಾಗಾಗಿದ್ದರೆ ಒಳಗೆ ನೀರು ಸೇರಿದೆ. ಫ್ಯಾನಿಗೆ ದಾರ ಸುತ್ತಿದ ಇತಿಹಾಸವಿದ್ದರೆ ಮೊದಲ ಅನುಮಾನ ಶಾಫ್ಟಿನ ಸೀಲಿನ ಮೇಲೆ. ಸೀಲ್ ಬದಲಿಸದೆ ಆಯಿಲ್ ಮಾತ್ರ ಹಾಕಿದರೆ ಅದೂ ಬೆಳ್ಳಗಾಗುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಹೊಸ ಆಯಿಲನ್ನು ಕೆಳಗಿನ ತೂತಿನಿಂದ, ಮೇಲಿನ ತೂತಿನಲ್ಲಿ ಹೊರಬರುವವರೆಗೆ ತುಂಬಿ. ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. ಮೇಲಿನಿಂದ ಸುರಿದರೆ ಗಾಳಿ ಒಳಗೇ ಉಳಿಯುತ್ತದೆ.

ಪ್ರಶ್ನೆ: ಬಲೆ ಸಿಗದಂತೆ ತಪ್ಪಿಸಿಕೊಳ್ಳುವುದು ಹೇಗೆ? ಅಂತರಗಂಗೆ ಕಳೆ ಸುತ್ತಿದರೂ ಇದೇ ಕ್ರಮವೇ?
– ಓದುಗರು, ಬಾಗಲಕೋಟೆ

ಉತ್ತರ: ತೇಲುವ ಬಾಟಲಿ, ಥರ್ಮಾಕೋಲ್ ಸಾಲು ಕಂಡರೆ ಬಲೆ ಇದೆಯೆಂದೇ ತಿಳಿದು ಸುತ್ತಿ ಹೋಗಿ. ದಾಟಲೇಬೇಕಾದರೆ ಎಂಜಿನ್ ಬಂದ್ ಮಾಡಿ, ಎತ್ತಿ, ಹುಟ್ಟು ಹಾಕಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಜಾಲಿ ಬೊಡ್ಡೆಗಳೂ ಮೇಲಕ್ಕೆ ಬಂದಿರುತ್ತವೆ, ಅವಕ್ಕೆ ಬಾಟಲಿಯ ಗುರುತಿರುವುದಿಲ್ಲ. ಅಂತರಗಂಗೆ, ಪಾಚಿ ಸುತ್ತಿದರೆ ರಿವರ್ಸ್ ಉಪಯೋಗಕ್ಕೆ ಬರುತ್ತದೆ: ನಿಧಾನವಾಗಿ ಎರಡು ಮೂರು ಸೆಕೆಂಡ್ ಸಾಕು. ಆದರೆ ಎಂಜಿನ್ ತಂಪಾಗಿಸಿದ ನೀರು ಹೊರಬರುವ ಸಣ್ಣ ಧಾರೆಯ ಮೇಲೆ ಕಣ್ಣಿರಲಿ. ಅದು ನಿಂತರೆ ನೀರು ಸೇದುವ ಜಾಲರಿ ಕಟ್ಟಿಕೊಂಡಿರಬಹುದು. ಕೂಡಲೇ ಬಂದ್ ಮಾಡಿ ಜಾಲರಿ ಸ್ವಚ್ಛ ಮಾಡಿ. ಪಂಪಿನ ರಬ್ಬರ್ ಚಕ್ರ ನೀರಿಲ್ಲದೆ ತಿರುಗಿದರೆ ಸುಟ್ಟುಹೋಗಲು ಹೆಚ್ಚು ಹೊತ್ತು ಬೇಕಿಲ್ಲ.