ಎಲ್ಲರ ಎರಡನೇ ಆಯ್ಕೆ

ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ: ‘ಫ್ರಾನ್ಸ್‌ನಲ್ಲಿ ಮ್ಯಾಕ್ರನ್ ಎಡಕ್ಕೂ ಸೇರದೆ ಬಲಕ್ಕೂ ಸೇರದೆ ಎರಡು ಸಲ ಗೆದ್ದರು. ಜನರಲ್ಲಿ ಹೆಚ್ಚಿನವರು ಅತಿರೇಕ ಬೇಡ ಅನ್ನುವವರೇ ಅಲ್ವಾ? ಹಾಗಿದ್ದರೆ ನಡುಪಂಥದ ಅಭ್ಯರ್ಥಿಗಳು ಎಲ್ಲ ಕಡೆ ಯಾಕೆ ಗೆಲ್ಲುವುದಿಲ್ಲ?’

ಉತ್ತರಕ್ಕೆ ಫ್ರಾನ್ಸ್ ಬಿಟ್ಟು ಹೋಗಬೇಕಿಲ್ಲ, 2007ಕ್ಕೆ ಹೋದರೆ ಸಾಕು. ಆ ವರ್ಷ ಫ್ರಾಂಸ್ವಾ ಬೈರೂ ಇದೇ ಮಾತು ಹೇಳಿಕೊಂಡು ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ಎರಡನೇ ಸುತ್ತಿಗೆ ಬಂದರೆ ಅವರು ಬಲಪಂಥದ ಸರ್ಕೋಜಿಯನ್ನೂ ಸೋಲಿಸುತ್ತಾರೆ, ಸಮಾಜವಾದಿ ರೋಯಲ್ ಅವರನ್ನೂ ಸೋಲಿಸುತ್ತಾರೆ ಎಂದು ಆಗಿನ ಸಮೀಕ್ಷೆಗಳು ಹೇಳುತ್ತಿದ್ದವು. ಆದರೆ ಮೊದಲ ಸುತ್ತು ದಾಟಬೇಕಲ್ಲ! ಸರ್ಕೋಜಿಗೆ ಶೇ 31, ರೋಯಲ್‌ಗೆ ಶೇ 26ರ ಹತ್ತಿರ, ಬೈರೂಗೆ ಶೇ 18.6 ಮತ ಬಿತ್ತು. ಮುಂದಕ್ಕೆ ಹೋಗುವುದು ಮೊದಲ ಇಬ್ಬರು ಮಾತ್ರ. ಯಾರ ಎದುರೂ ಗೆಲ್ಲಬಹುದಾಗಿದ್ದವರು ಮನೆಗೆ ಹೋದರು.

ನಡುವಿನವರ ಕಷ್ಟವೇ ಇದು. ಅವರನ್ನು ಬೇಡವೇ ಬೇಡ ಅನ್ನುವವರು ಕಡಿಮೆ. ಇವರೇ ಬೇಕು ಅನ್ನುವವರೂ ಕಡಿಮೆ. ಮತ ಎಣಿಸುವಾಗ ಲೆಕ್ಕಕ್ಕೆ ಬರುವುದು ‘ಇವರೇ ಬೇಕು’ ಅನ್ನುವವರು.

ಬ್ರಿಟನ್ನಿನಲ್ಲಿ ಇನ್ನೂ ಕೆಟ್ಟದ್ದಾಯಿತು. ಲೇಬರ್ ಪಕ್ಷ ತೀರಾ ಎಡಕ್ಕೆ ವಾಲಿತೆಂದು ಹೊರಬಂದವರು ಲಿಬರಲ್ಲರ ಜೊತೆ ಕೈಜೋಡಿಸಿದರು. 1983ರಲ್ಲಿ ಅವರಿಗೆ ಶೇ 25 ಮತ ಸಿಕ್ಕಿತು. ಸೀಟು 650ರಲ್ಲಿ ಬರೀ 23. ಲೇಬರ್‌ಗೆ ಬಂದದ್ದು ಶೇ 27.6, ಸೀಟು 209! ಕ್ಷೇತ್ರದಲ್ಲಿ ಒಂದು ಮತ ಜಾಸ್ತಿ ಬಂದವರು ಗೆದ್ದರು ಅನ್ನುವ ಪದ್ಧತಿ ಅದು. ನಮ್ಮದೂ ಅದೇ.

ಹಾಗಾದರೆ ಮ್ಯಾಕ್ರನ್? 2017ರಲ್ಲಿ ಅವರಿಗೆ ದಾರಿ ತಾನಾಗಿ ತೆರೆಯಿತು. ಸಮಾಜವಾದಿ ಅಭ್ಯರ್ಥಿ ಶೇ 6ಕ್ಕೆ ಕುಸಿದರು. ಬಲಪಂಥದ ಫಿಯೋನ್, ಹೆಂಡತಿಗೆ ಸರ್ಕಾರಿ ದುಡ್ಡಿನಲ್ಲಿ ಸಂಬಳ ಕೊಡಿಸಿದ ಆರೋಪದಲ್ಲಿ ಸಿಕ್ಕಿಬಿದ್ದರು. ಬೈರೂ ಈ ಸಲ ತಾವು ನಿಲ್ಲದೆ ಮ್ಯಾಕ್ರನ್‌ಗೆ ಬೆಂಬಲ ಕೊಟ್ಟರು. ಇಷ್ಟೆಲ್ಲ ಆದರೂ ಮೊದಲ ಸುತ್ತಿನಲ್ಲಿ ಬಂದದ್ದು ಶೇ 24. ಎರಡನೇ ಸುತ್ತಿನ ಶೇ 66ರಲ್ಲಿ ಬಹಳಷ್ಟು, ಎದುರಾಳಿಯಾಗಿದ್ದ ತೀವ್ರ ಬಲಪಂಥದ ಲೆ ಪೆನ್ ಬರಬಾರದೆಂದು ಹಾಕಿದ ಮತ. ಅದೂ ಮನಸ್ಸಾಗದೆ ಖಾಲಿ ಚೀಟಿ ಹಾಕಿದವರು, ಮತ ಕೆಡಿಸಿದವರು ಸೇರಿ ಸುಮಾರು 40 ಲಕ್ಷ ಜನ.

ನಿಮ್ಮ ಪತ್ರದ ಇನ್ನೊಂದು ಮಾತು ನಾನು ಒಪ್ಪಲಾರೆ. ಅತಿರೇಕ ಬೇಡ ಅನ್ನುವವರೆಲ್ಲ ಎಲ್ಲ ವಿಷಯದಲ್ಲೂ ನಡುವೆ ನಿಂತವರಲ್ಲ. ವಲಸೆಯ ವಿಷಯದಲ್ಲಿ ಬಿಗಿ, ಪಿಂಚಣಿಯ ವಿಷಯದಲ್ಲಿ ಪಕ್ಕಾ ಎಡ ಅನ್ನುವವರು ಎಲ್ಲ ಕಡೆ ಇದ್ದಾರೆ. ಇಂಥವರಿಗೆ ನಡುವಿನ ಅಭ್ಯರ್ಥಿ ಎರಡು ಕಡೆಯಿಂದಲೂ ಅರ್ಧ ಅರ್ಧ ಮಾತ್ರ ಕೊಡಬಲ್ಲರು. 2022ರಲ್ಲಿ ಮ್ಯಾಕ್ರನ್ ಮತ್ತೆ ಗೆದ್ದರು, ಆದರೆ ಎರಡೇ ತಿಂಗಳಲ್ಲಿ ಸಂಸತ್ತಿನ ಚುನಾವಣೆಯಲ್ಲಿ ಬಹುಮತ ಕಳೆದುಕೊಂಡರು. ಮರುವರ್ಷ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಲು ಹೊರಟಾಗ ಲಕ್ಷಾಂತರ ಜನ ಬೀದಿಗಿಳಿದರು. ಕೆಳಮನೆಯಲ್ಲಿ ಸೋಲುವ ಭಯದಿಂದ ಸರ್ಕಾರ ಆ ಮಸೂದೆಯನ್ನು ಅಲ್ಲಿ ಮತಕ್ಕೆ ಹಾಕದೆಯೇ ಪಾಸು ಮಾಡಿಕೊಂಡಿತು.